ಎನ್‌ಸಿಸಿ ಆರ್ಮಿ, ನೇವಲ್, ಏರ್ ವಿಂಗ್ ಅಥವಾ ಸೀ ಕೆಡೆಟ್: ಡೊಂಬಿವ್ಲಿಯ ಮಕ್ಕಳನ್ನು ಯಾವುದಕ್ಕೆ ಸೇರಿಸುವುದು?

ಡೊಂಬಿವ್ಲಿ ಪಾಲಕ:

ಎಲ್ಲರಿಗೂ ನಮಸ್ಕಾರ. ಮುಂಬೈ ಬಳಿಯ ಡೊಂಬಿವ್ಲಿಯಲ್ಲಿದ್ದೇವೆ. ಮಗ ಹತ್ತನೇ ಪರೀಕ್ಷೆ ಬರೆದಿದ್ದಾನೆ, ಮುಂದೆ ಹನ್ನೊಂದನೇ ಸೈನ್ಸ್. ಸೇನೆಯಲ್ಲಿ ಅಧಿಕಾರಿ ಆಗಬೇಕೆಂಬ ಹಠವಿದೆ, ಆದರೆ ಭೂಸೇನೆಯೋ ವಾಯುಸೇನೆಯೋ ಇನ್ನೂ ನಿರ್ಧಾರವಾಗಿಲ್ಲ. ಮಗಳು ಏಳನೇ ತರಗತಿ. ಅವಳಿಗೆ ನೀರು, ದೋಣಿ, ಹಡಗು ಎಂದರೆ ಪ್ರಾಣ. ಅವಳ ಶಾಲೆಯಲ್ಲಿ ಎನ್‌ಸಿಸಿ ಇಲ್ಲ, ಗೈಡ್ಸ್ ಮತ್ತು ಆರ್‌ಎಸ್‌ಪಿ (ರಸ್ತೆ ಸುರಕ್ಷತಾ ದಳ) ಮಾತ್ರ.

ಕೇಳಬೇಕಾದದ್ದು ಇಷ್ಟು. ಮಗನಿಗೆ ಯಾವ ವಿಂಗ್ ಒಳ್ಳೆಯದು? ಹನ್ನೊಂದನೆಯಲ್ಲೇ ಸೇರಿಸಬೇಕೋ, ಪದವಿಗೆ ಹೋದಮೇಲೆ ಸಾಕೋ? ಮಗಳನ್ನು ಮುಂಬೈಯ ಕೊಲಾಬಾದ ಸೀ ಕೆಡೆಟ್ ಕೋರ್‌ಗೆ ಕಳಿಸಿದರೆ ಮುಂದೆ ಎನ್‌ಸಿಸಿಯಷ್ಟೇ ಬೆಲೆ ಸಿಗುತ್ತದೆಯೇ? ಬಲ್ಲವರು ವಿವರವಾಗಿ ಬರೆದರೆ ಉಪಕಾರ.

ಕವಾಯತು:

ಮಗನ ವಿಷಯದಲ್ಲಿ ವಿಂಗ್ ಯಾವುದು ಎಂದು ಯೋಚಿಸುವ ಮೊದಲು ಕಾಲೇಜು ಯಾವುದು ಎಂದು ನೋಡಿ. ಎನ್‌ಸಿಸಿ ಕಚೇರಿಗೆ ಹೋಗಿ ‘ನನಗೆ ಏರ್ ವಿಂಗ್ ಬೇಕು’ ಎಂದು ಅರ್ಜಿ ಕೊಟ್ಟು ಸೇರುವ ವ್ಯವಸ್ಥೆ ಇಲ್ಲ. ಒಂದೊಂದು ಶಾಲೆ-ಕಾಲೇಜಿಗೆ ಇಂಥ ವಿಂಗ್‌ನ ಇಷ್ಟು ಸೀಟು ಎಂದು ಮಂಜೂರಾಗಿರುತ್ತದೆ. ಆ ಕಾಲೇಜಿನ ವಿದ್ಯಾರ್ಥಿಗಳು ಆ ಸೀಟುಗಳಿಗೆ ಪೈಪೋಟಿ ಮಾಡುತ್ತಾರೆ. ಹೆಚ್ಚಿನ ಕಾಲೇಜುಗಳಲ್ಲಿ ಇರುವುದು ಆರ್ಮಿ ವಿಂಗ್. ನೇವಲ್, ಏರ್ ಎರಡೂ ಕೆಲವೇ ಕಡೆ. ಹಾಗಾಗಿ ಹನ್ನೊಂದನೆಯ ಆನ್‌ಲೈನ್ ಪ್ರವೇಶದಲ್ಲಿ ಕಾಲೇಜುಗಳ ಆದ್ಯತಾಪಟ್ಟಿ ತುಂಬಿದ ದಿನವೇ ವಿಂಗ್ ಕೂಡ ಅರ್ಧ ತೀರ್ಮಾನವಾಗಿಬಿಡುತ್ತದೆ. ನಮ್ಮವರಲ್ಲಿ ಎಷ್ಟೋ ಮಂದಿ ಕನ್ನಡ ಭಾಷಾ ಅಲ್ಪಸಂಖ್ಯಾತ ಕೋಟಾದಲ್ಲಿ ಸುಲಭವಾಗಿ ಸೀಟು ಸಿಗುತ್ತದೆಂದು ಮೊದಲು ಅಡ್ಮಿಷನ್ ಮಾಡಿಸಿ, ಎನ್‌ಸಿಸಿ ಇದೆಯೇ ಎಂದು ಆಮೇಲೆ ವಿಚಾರಿಸುತ್ತಾರೆ. ಈ ಕ್ರಮ ತಿರುಗುಮುರುಗಾಗಬೇಕು.

ಕಾಲೇಜಿಗೆ ಹೋದಾಗ ‘ಎನ್‌ಸಿಸಿ ಇದೆಯಾ’ ಎಂದಷ್ಟೇ ಕೇಳಿದರೆ ‘ಇದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಯಾವ ವಿಂಗ್, ಹನ್ನೊಂದನೆಯವರನ್ನು ತೆಗೆದುಕೊಳ್ಳುತ್ತಾರೋ ಪದವಿಯವರನ್ನು ಮಾತ್ರವೋ, ಈ ವರ್ಷ ಎಷ್ಟು ಸೀಟು ಖಾಲಿ, ಪರೇಡ್ ಯಾವ ವಾರ, ಎಷ್ಟು ಹೊತ್ತಿಗೆ ಎಂದು ಕೇಳಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಎಎನ್‌ಒ ಇದ್ದಾರೆಯೇ ಕೇಳಿ. ಎಎನ್‌ಒ ಎಂದರೆ ತರಬೇತಿ ಪಡೆದು ಎನ್‌ಸಿಸಿಯ ಜವಾಬ್ದಾರಿ ಹೊತ್ತ ಅಧ್ಯಾಪಕರು. ಆ ಜಾಗ ಖಾಲಿ ಬಿದ್ದು ಬೇರೊಬ್ಬ ಅಧ್ಯಾಪಕರು ಉಸ್ತುವಾರಿ ನೋಡಿಕೊಳ್ಳುತ್ತಿದ್ದರೆ ಶಿಬಿರಗಳ ಸುದ್ದಿ ತಡವಾಗಿ ಬರುತ್ತದೆ, ಹೆಸರು ಕಳಿಸುವುದು ತಡವಾಗುತ್ತದೆ, ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳುವ ಬೆಟಾಲಿಯನ್ ಕೊಟ್ಟ ಶಿಬಿರದ ಸೀಟು ಬೇರೆ ಕಾಲೇಜಿಗೆ ಹೋಗುತ್ತದೆ. ಆಸಕ್ತಿಯುಳ್ಳ ಎಎನ್‌ಒ ಇರುವ ಸಣ್ಣ ಕಾಲೇಜು, ಹೆಸರು ಮಾತ್ರ ದೊಡ್ಡದಿರುವ ಕಾಲೇಜಿಗಿಂತ ಎಷ್ಟೋ ಮೇಲು.

ಈಗ ವರ್ಷಗಳ ಲೆಕ್ಕ. ಶಾಲೆಯದು ಜೂನಿಯರ್ ಡಿವಿಷನ್, ಹುಡುಗಿಯರ ವಿಭಾಗಕ್ಕೆ ಜೂನಿಯರ್ ವಿಂಗ್ ಎಂಬ ಹೆಸರು. ಸೇರಲು ಕನಿಷ್ಠ 12 ವರ್ಷ, ಎರಡು ವರ್ಷದ ತರಬೇತಿ, ಕೊನೆಗೆ ‘ಎ’ ಸರ್ಟಿಫಿಕೇಟ್. ಹನ್ನೊಂದನೆಯಿಂದ ಸೀನಿಯರ್. ಅಲ್ಲಿ ಎರಡು ವರ್ಷ, ಪ್ರತಿ ವರ್ಷ ಶೇ 75 ಹಾಜರಿ, ಒಂದು ವಾರ್ಷಿಕ ಶಿಬಿರ ಆದರೆ ‘ಬಿ’ ಪರೀಕ್ಷೆಗೆ ಕೂರಬಹುದು. ಮೂರನೇ ವರ್ಷ, ಎರಡನೇ ಶಿಬಿರ ಮುಗಿಸಿದರೆ ‘ಸಿ’. ಅಧಿಕಾರಿ ಆಗುವ ದಾರಿಯಲ್ಲಿ ಬೆಲೆ ಇರುವುದು ‘ಸಿ’ಗೆ.

ಎಡವಟ್ಟು ಆಗುವುದು ಇಲ್ಲಿಯೇ. ಹನ್ನೊಂದನೆಯಲ್ಲಿ ಸೇರಿದ ಹುಡುಗನ ಮೂರನೇ ವರ್ಷ ಬೀಳುವುದು ಪದವಿಯ ಮೊದಲ ವರ್ಷದಲ್ಲಿ. ಆಗ ಎನ್‌ಸಿಸಿಯೇ ಇಲ್ಲದ ಎಂಜಿನಿಯರಿಂಗ್ ಕಾಲೇಜಿಗೆ ಹೋದರೆ ‘ಬಿ’ಗೇ ನಿಂತುಹೋಗುತ್ತದೆ. ಇನ್ನೊಂದು ತೊಡಕು, ‘ಬಿ’ ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿ ಹೊತ್ತಿಗೆ ಬರುತ್ತದೆ, ಹನ್ನೆರಡನೆಯ ಬೋರ್ಡ್ ಪರೀಕ್ಷೆ, ಪ್ರಾಕ್ಟಿಕಲ್ ಕೂಡ ಅದೇ ಹೊತ್ತಿಗೆ. ಹುಡುಗ ಪದವಿಯನ್ನೂ ಅದೇ ಸಂಸ್ಥೆಯಲ್ಲಿ ಮಾಡುವವನಾದರೆ ಹನ್ನೊಂದನೆಯಲ್ಲೇ ಸೇರಲಿ. ಹನ್ನೆರಡರ ನಂತರ ಎಲ್ಲಿಗೆ ಹೋಗುತ್ತಾನೋ ಗೊತ್ತಿಲ್ಲ ಎನ್ನುವುದಾದರೆ ಎಫ್‌ವೈಯಲ್ಲಿ (ಪದವಿಯ ಮೊದಲ ವರ್ಷ) ಸೇರಿ ಟಿವೈಯಲ್ಲಿ (ಮೂರನೇ ವರ್ಷ) ‘ಸಿ’ ಮುಗಿಸುವುದು ಸುರಕ್ಷಿತ. ಎಸ್‌ವೈಯಲ್ಲಿ (ಎರಡನೇ ವರ್ಷ) ಸೇರುತ್ತೇನೆಂದರೆ ಮೂರು ವರ್ಷ ಕೂಡಿಬರುವುದಿಲ್ಲ.

ಕೋಚಿಂಗ್ ಕ್ಲಾಸಿನೊಂದಿಗೆ ಹೊಂದಾಣಿಕೆ ಇರುವ ‘ಇಂಟಿಗ್ರೇಟೆಡ್’ ಕಾಲೇಜಿಗೆ ಹಾಕಿ ಎನ್‌ಸಿಸಿಯೂ ಬೇಕೆಂದರೆ ಆಗುವುದಿಲ್ಲ. ಕಾಲೇಜಿಗೇ ಹೋಗದ ಹುಡುಗನಿಗೆ ಪರೇಡಿನ ಶೇ 75 ಎಲ್ಲಿಂದ ಬರಬೇಕು? ಎರಡರಲ್ಲಿ ಒಂದನ್ನು ಆರಿಸಿ.

ಆಯ್ಕೆಯ ದಿನ ಓಟ, ಪುಷ್-ಅಪ್, ಸಣ್ಣ ಸಂದರ್ಶನ ಇರುತ್ತವೆ, ಕೆಲವೆಡೆ ಸಾಮಾನ್ಯ ಜ್ಞಾನದ ಪ್ರಶ್ನೆಪತ್ರಿಕೆಯೂ ಇರುತ್ತದೆ. ಕಾಲೇಜು ಶುರುವಾದ ಮೊದಲ ವಾರಗಳಲ್ಲೇ ನೋಟಿಸ್ ಹಾಕಿ ಮುಗಿಸಿಬಿಡುತ್ತಾರೆ. ಈ ರಜೆಯಲ್ಲೇ 1.6 ಕಿಲೋಮೀಟರನ್ನು ನಿಲ್ಲದೆ ಓಡುವ ಅಭ್ಯಾಸ ಮಾಡಿಸಿ. ಡ್ರಿಲ್‌ನ ಆಜ್ಞೆಗಳೆಲ್ಲ ಹಿಂದಿಯಲ್ಲಿ, ಮುಂಬೈ ಮಕ್ಕಳಿಗೆ ಅದು ತೊಂದರೆಯಲ್ಲ. ‘ಸಾವಧಾನ್’ನಲ್ಲಿ ಹಿಮ್ಮಡಿ ಕೂಡಿರಬೇಕು, ಪಾದಗಳ ನಡುವೆ 30 ಡಿಗ್ರಿ ಕೋನ. ‘ವಿಶ್ರಾಮ್’ನಲ್ಲಿ ಪಾದಗಳ ಅಂತರ 12 ಇಂಚು. ನಡಿಗೆಯ ಹೆಜ್ಜೆ 30 ಇಂಚು. ಹೊಸಬರು ಎಡವುವುದು ಕೈಯಲ್ಲಿ. ಕೈ ಬೀಸುವುದರ ಮೇಲೆ ಗಮನ ಹೋದ ಕೂಡಲೇ ಬಲಗಾಲಿನ ಜೊತೆ ಬಲಗೈಯೇ ಮುಂದೆ ಬರುತ್ತದೆ. ಗದರಿಸಿದರೆ ಇನ್ನೂ ಬಿಗಿಯಾಗುತ್ತಾರೆ. ಆಜ್ಞೆ ಇಲ್ಲದೆ ಸಹಜವಾಗಿ ನಡೆಯಲು ಬಿಟ್ಟು, ನಡೆಯುತ್ತಿರುವಂತೆಯೇ ಮುಷ್ಟಿ ಬಿಗಿಸಲು ಹೇಳಿದರೆ ಸರಿಹೋಗುತ್ತದೆ.

ರನ್‌ವೇ:

ಕವಾಯತು ಅವರು ಹೇಳಿದ ಕಾಲೇಜಿನ ಮಾತು ನಿಜ, ಆದರೆ ವಿಂಗ್ ಅಷ್ಟೇನೂ ಮುಖ್ಯವಲ್ಲ ಎಂಬ ಭಾವನೆ ಓದುವವರಿಗೆ ಬರಬಾರದು. ಪದವಿಯ ನಂತರ ಸೇನಾಧಿಕಾರಿ ಆಗಲು ಬರೆಯುವ ಸಿಡಿಎಸ್ ಪರೀಕ್ಷೆಯ ಇತ್ತೀಚಿನ ವರ್ಷಗಳ ಅಧಿಸೂಚನೆ ತೆಗೆದು ನೋಡಿ. ಡೆಹ್ರಾಡೂನ್ ಐಎಂಎಯ (ಭೂಸೇನೆಯ ಅಕಾಡೆಮಿ) 100 ಸೀಟುಗಳಲ್ಲಿ 13 ಆರ್ಮಿ ವಿಂಗ್ ‘ಸಿ’ ಇದ್ದವರಿಗೆ, ಕೇರಳದ ಎಳಿಮಲದ ನೌಕಾ ಅಕಾಡೆಮಿಯ 32ರಲ್ಲಿ 6 ನೇವಲ್ ವಿಂಗ್‌ನವರಿಗೆ, ಹೈದರಾಬಾದಿನ ವಾಯುಸೇನಾ ಅಕಾಡೆಮಿಯ 32ರಲ್ಲಿ 3 ಏರ್ ವಿಂಗ್‌ನವರಿಗೆ. ಆರ್ಮಿ ವಿಂಗ್‌ನ ‘ಸಿ’ ಹಿಡಿದುಕೊಂಡು ವಾಯುಸೇನೆಯ ಆ ಮೂರು ಸೀಟು ಕೇಳುವಂತಿಲ್ಲ.

ಇನ್ನೊಂದು ದಾರಿ ಚೆನ್ನೈ ಒಟಿಎಯ (ಭೂಸೇನೆಯ ಅಧಿಕಾರಿ ತರಬೇತಿ ಅಕಾಡೆಮಿ) ಎನ್‌ಸಿಸಿ ಸ್ಪೆಷಲ್ ಎಂಟ್ರಿ. ಇದಕ್ಕೆ ಲಿಖಿತ ಪರೀಕ್ಷೆಯೇ ಇಲ್ಲ, ಅರ್ಜಿ ಪಾಸಾದರೆ ನೇರ ಎಸ್‌ಎಸ್‌ಬಿ, ಅಂದರೆ ಸೇನೆಯ ಆಯ್ಕೆ ಮಂಡಳಿಯ ಸಂದರ್ಶನ. ವಯಸ್ಸು 19ರಿಂದ 25, ಪದವಿಯಲ್ಲಿ ಶೇ 50, ‘ಸಿ’ಯಲ್ಲಿ ಕನಿಷ್ಠ ಬಿ ಗ್ರೇಡ್. ಹುಡುಗಿಯರಿಗೂ ಇದೆ. ವರ್ಷಕ್ಕೆ ಎರಡು ಸಲ ಕರೆಯುತ್ತಾರೆ, ತರಬೇತಿ 49 ವಾರ. ಗ್ರೇಡನ್ನು ಗಮನಿಸಿ: ‘ಸಿ’ ಸರ್ಟಿಫಿಕೇಟ್ ಸಿಕ್ಕಿತು ಎಂದು ಖುಷಿಪಟ್ಟವನ ಕೈಯಲ್ಲಿ ಸಿ ಗ್ರೇಡ್ ಇದ್ದರೆ ಈ ಬಾಗಿಲು ತೆರೆಯುವುದಿಲ್ಲ. ಮೂರನೇ ವರ್ಷದ ಪರೀಕ್ಷೆಯನ್ನು ‘ಪಾಸಾದರೆ ಸಾಕು’ ಎಂದು ಬರೆಯಬಾರದು. ಎಸ್‌ಎಸ್‌ಬಿ ಐದು ದಿನ ನಡೆಯುತ್ತದೆ, ಅಲ್ಲಿ ಸರ್ಟಿಫಿಕೇಟ್ ತೋರಿಸಿದ ಮಾತ್ರಕ್ಕೆ ಯಾರೂ ಆಯ್ಕೆ ಮಾಡುವುದಿಲ್ಲ. ಶಿಬಿರಗಳಲ್ಲಿ ನಾಲ್ಕು ಜನರ ಜೊತೆ ಕೆಲಸ ಮಾಡಿದ ಅಭ್ಯಾಸ ಅಲ್ಲಿ ಕೈಹಿಡಿಯುತ್ತದೆ.

ಇನ್ನು ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಹನ್ನೆರಡನೆಯ ನಂತರ ಪುಣೆ ಬಳಿಯ ಖಡಕವಾಸಲಾಕ್ಕೆ ಹೋಗುವ ಗುರಿ ಇದ್ದರೆ, ಅದಕ್ಕೆ ಎನ್‌ಸಿಸಿ ಸರ್ಟಿಫಿಕೇಟ್ ಬೇಕಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಯುಪಿಎಸ್‌ಸಿ ಲಿಖಿತ ಪರೀಕ್ಷೆಯ ಗಣಿತ, ಇಂಗ್ಲಿಷ್-ಸಾಮಾನ್ಯ ಜ್ಞಾನ ಮತ್ತು ಎಸ್‌ಎಸ್‌ಬಿ. ಹನ್ನೊಂದನೆಯಲ್ಲಿ ಒಳ್ಳೆಯ ಎನ್‌ಸಿಸಿ ಸಿಗಲಿಲ್ಲವೆಂದು ದುಃಖಪಡುವ ಅಗತ್ಯವೇ ಇಲ್ಲ. ಆ ಎರಡು ವರ್ಷ ಗಣಿತ ಮತ್ತು ಓಟಕ್ಕೆ ಕೊಡಿ, ಎನ್‌ಡಿಎ ಆಗದಿದ್ದರೆ ಎಫ್‌ವೈಯಲ್ಲಿ ಎನ್‌ಸಿಸಿ ಶುರು ಮಾಡಿ. ನಿಮ್ಮ ಮಗನಿಗೆ ನಾನು ಹೇಳುವುದು ಇದನ್ನೇ.

ಏರ್ ವಿಂಗ್ ಬಗ್ಗೆ ಜನರ ಕಲ್ಪನೆ ಸ್ವಲ್ಪ ದೊಡ್ಡದು. ಮೈಕ್ರೋಲೈಟ್ ವಿಮಾನದಲ್ಲಿ ಹಾರಾಟದ ಅವಕಾಶ ಇದೆ, ಆದರೆ ಅದು ಸ್ಕ್ವಾಡ್ರನ್ನಿನ ವಿಮಾನ ಸುಸ್ಥಿತಿಯಲ್ಲಿದೆಯೇ, ರನ್‌ವೇ ಸಿಗುತ್ತದೆಯೇ, ಹವಾಮಾನ ಹೇಗಿದೆ ಎಂಬುದರ ಮೇಲೆ ನಿಂತಿದೆ. ನಮ್ಮ ಕಡೆಯ ಮಳೆಗಾಲದಲ್ಲಿ ಅದನ್ನು ಮರೆತುಬಿಡಿ. ಹೆಚ್ಚಿನ ಸಮಯ ಹೋಗುವುದು ಹಾರಾಟದ ತತ್ತ್ವ, ಹವಾಮಾನಶಾಸ್ತ್ರ, ಎಂಜಿನ್, ಡ್ರಿಲ್ ಮತ್ತು ಏರೋಮಾಡೆಲಿಂಗ್‌ಗೆ. ಏರೋಮಾಡೆಲಿಂಗನ್ನು ಕಡೆಗಣಿಸಬೇಡಿ, ಪುಸ್ತಕದ ಪಾಠ ಕೈಗೆ ಹತ್ತುವುದು ಅಲ್ಲಿಯೇ. ಬಾಲ್ಸಾ ಮರದ ಗ್ಲೈಡರ್ ಮಾಡಿದ ಮೇಲೆ ರೆಕ್ಕೆಯ ಮುಂಚೂಣಿಯಿಂದ ಅದರ ಅಗಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ತೂಕದ ಸಮತೋಲನ ನಿಲ್ಲಬೇಕು. ಎರಡು ಬೆರಳ ತುದಿಯ ಮೇಲಿಟ್ಟು ನೋಡಿದರೆ ತಿಳಿಯುತ್ತದೆ. ಬಾಲ ಭಾರವಾದರೆ ಎಸೆದ ಕೂಡಲೇ ಮೂಗೆತ್ತಿ, ವೇಗ ಕಳೆದುಕೊಂಡು ಧೊಪ್ಪನೆ ಇಳಿಯುತ್ತದೆ, ಮತ್ತೆ ಏಳುತ್ತದೆ, ಮತ್ತೆ ಇಳಿಯುತ್ತದೆ. ಮಕ್ಕಳು ಆಗ ರೆಕ್ಕೆಯನ್ನು ತಿದ್ದಲು ಹೋಗುತ್ತಾರೆ. ಮೂಗಿಗೆ ಚೂರು ಜೇಡಿಮಣ್ಣು ಅಂಟಿಸಿದರೆ ಸಾಕು.

ಪೈಲಟ್ ಕನಸಿದ್ದರೆ ಹನ್ನೆರಡರಲ್ಲಿ ಗಣಿತ, ಭೌತಶಾಸ್ತ್ರ ಎರಡೂ ಇರಲೇಬೇಕು. ಗಣಿತ ಬಿಟ್ಟು ಬಯಾಲಜಿ ಮಾತ್ರ ತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು. ಈಗಲೇ ಒಳ್ಳೆಯ ಕಣ್ಣಿನ ಡಾಕ್ಟರ ಬಳಿ ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿ. ಎನ್‌ಸಿಸಿಗೆ ಚಶ್ಮಾ ಅಡ್ಡಿಯಲ್ಲ, ಆದರೆ ಹಾರಾಟದ ಶಾಖೆಗೆ ದೃಷ್ಟಿಯ ಮಿತಿ ಬಿಗಿಯಾಗಿದೆ.

ಹಾಯಿ-ಹಗ್ಗ:

ಮಗಳ ಪ್ರಶ್ನೆಗೆ ಉತ್ತರ. ಸೀ ಕೆಡೆಟ್ ಕೋರ್ ಬೇರೆ, ಎನ್‌ಸಿಸಿ ನೇವಲ್ ವಿಂಗ್ ಬೇರೆ. ಬಿಳಿ ಯೂನಿಫಾರ್ಮ್ ನೋಡಿ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಸೀ ಕೆಡೆಟ್ ಕೋರ್ 1938ರಲ್ಲಿ ಆರಂಭವಾದ ಸ್ವಯಂಸೇವಾ ಸಂಸ್ಥೆ, ನೌಕಾಪಡೆಯ ಬೆಂಬಲವಿದೆ. ಕೇಂದ್ರ ಇರುವುದು ಕೊಲಾಬಾದಲ್ಲಿ ಅಫ್ಘನ್ ಚರ್ಚ್ ಬಳಿಯ ‘ಜವಾಹರ್’ ತರಬೇತಿ ನೆಲೆಯಲ್ಲಿ. ಹೆಸರು ಟ್ರೈನಿಂಗ್ ಶಿಪ್ ಎಂದಿದ್ದರೂ ಅದು ನೆಲದ ಮೇಲಿನ ನೆಲೆ. ಡಿಸೆಂಬರ್ 4ರ ನೌಕಾ ದಿನದ ಸುಮಾರಿಗೆ ಗೇಟ್‌ವೇ ಆಫ್ ಇಂಡಿಯಾದಲ್ಲಿ ಬೀಟಿಂಗ್ ರಿಟ್ರೀಟ್ (ನೌಕಾಪಡೆಯ ಬ್ಯಾಂಡ್ ಪ್ರದರ್ಶನ) ನಡೆಯುತ್ತದಲ್ಲ, ಅಲ್ಲಿ ನಾವಿಕರ ಹಾರ್ನ್‌ಪೈಪ್ ನೃತ್ಯ ಮಾಡುವ ಮಕ್ಕಳು ಇವರೇ. ಸೇರಿಸುವ ಮುನ್ನ ಅದನ್ನೊಮ್ಮೆ ಮಗಳಿಗೆ ತೋರಿಸಿ.

ಇದಕ್ಕೆ ಶಾಲೆಯಲ್ಲಿ ತುಕಡಿ ಇರಬೇಕೆಂಬ ಕಟ್ಟು ಇಲ್ಲ, ನಿಮ್ಮ ಮಗಳ ಸ್ಥಿತಿಗೆ ಅದೇ ದೊಡ್ಡ ಅನುಕೂಲ. ಡ್ರಿಲ್, ಹಗ್ಗದ ಕೆಲಸ, ದೋಣಿ, ಸಂಕೇತ, ಬ್ಯಾಂಡ್ ಎಲ್ಲ ಕಲಿಸುತ್ತಾರೆ. ಆದರೆ ಸೀ ಕೆಡೆಟ್ ಸರ್ಟಿಫಿಕೇಟ್ ಎನ್‌ಸಿಸಿಯ ಎ, ಬಿ, ಸಿ ಅಲ್ಲ. ಸಿಡಿಎಸ್‌ನ ಆ ಆರು ಸೀಟಿಗೆ ಅದು ನಡೆಯುವುದಿಲ್ಲ. ಕಲಿಕೆಗಾಗಿ ಕಳಿಸಿ, ಮೀಸಲಾತಿಗಾಗಿ ಅಲ್ಲ.

ಪರೇಡ್ ಭಾನುವಾರ ಎನ್ನುವುದು ಡೊಂಬಿವ್ಲಿಯವರಿಗೆ ಯೋಚಿಸಬೇಕಾದ ವಿಷಯ. ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಫಾಸ್ಟ್ ಲೋಕಲ್‌ನಲ್ಲೂ ಒಂದು ಗಂಟೆಗೆ ಮೇಲೆ, ಅಲ್ಲಿಂದ ಬೆಸ್ಟ್ ಬಸ್. ಬೆಳಗ್ಗೆ ಹೋಗುವುದು ಸಲೀಸು, ಮರಳುವ ಹೊತ್ತಿಗೆ ಸೆಂಟ್ರಲ್ ಲೈನಿನ ಮೆಗಾ ಬ್ಲಾಕ್ (ಹಳಿ ದುರಸ್ತಿಗಾಗಿ ರೈಲು ನಿಲ್ಲಿಸುವುದು) ಸಿಕ್ಕಿಕೊಳ್ಳುತ್ತದೆ. ಶನಿವಾರವೇ ಬ್ಲಾಕ್ ಪ್ರಕಟಣೆ ನೋಡಿಟ್ಟುಕೊಳ್ಳಿ. ಏಳನೆಯ ಮಗುವನ್ನು ಒಂಟಿಯಾಗಿ ಕಳಿಸುವ ದೂರ ಇದಲ್ಲ. ದೊಡ್ಡವರೊಬ್ಬರ ಭಾನುವಾರ ಪೂರ್ತಿ ಹೋಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಶುರು ಮಾಡಿ. ನಾಲ್ಕು ವಾರ ಹೋಗಿ ಎರಡು ವಾರ ತಪ್ಪಿಸುವ ಮಗು ಅಲ್ಲಿ ಹಿಂದೆ ಬೀಳುತ್ತದೆ, ಬೇಸತ್ತು ಬಿಡುತ್ತದೆ.

ಯಾವುದಕ್ಕೆ ಸೇರಿಸಿದರೂ ಮೊದಲು ಈಜು ಕಲಿಸಿ. ನೇವಲ್ ವಿಂಗ್‌ನ ದೋಣಿ ಕೆಲಸದ ಬಗ್ಗೆಯೂ ಹೇಳುತ್ತೇನೆ, ಏಕೆಂದರೆ ‘ನೀರು ಇಷ್ಟ’ ಎನ್ನುವ ಮಕ್ಕಳು ನಿರೀಕ್ಷಿಸುವುದು ಬೇರೆ, ಸಿಗುವುದು ಬೇರೆ. ವೇಲರ್ ಎಂದರೆ 27 ಅಡಿಯ ಭಾರವಾದ ದೋಣಿ, ಐದು ಹುಟ್ಟು, ಹಿಂದೆ ಕುಳಿತು ಆಜ್ಞೆ ಕೊಡುವ ಕಾಕ್ಸನ್. ಐವರೂ ಒಂದೇ ಲಯದಲ್ಲಿ ಎಳೆಯಬೇಕು. ಹೊಸಬರು ತೋಳಿನಿಂದ ಎಳೆಯುತ್ತಾರೆ, ಹತ್ತೇ ನಿಮಿಷಕ್ಕೆ ಸೋಲುತ್ತಾರೆ. ಶಕ್ತಿ ಬರಬೇಕಾದದ್ದು ಕಾಲು ಒತ್ತಿ, ಬೆನ್ನು ಹಿಂದಕ್ಕೆ ಹಾಕುವುದರಿಂದ. ಹುಟ್ಟಿನ ಅಲಗು ನೀರಿನಲ್ಲಿ ತೀರಾ ಆಳಕ್ಕೆ ಹೋದರೆ ದೋಣಿಯ ವೇಗವೇ ಅದನ್ನು ಹಿಡಿದುಕೊಳ್ಳುತ್ತದೆ, ಹಿಡಿಕೆ ತಿರುಗಿ ಎದೆಗೆ ಬಡಿಯುತ್ತದೆ. ಅಲಗು ಮುಳುಗುವಷ್ಟೇ ಆಳ ಸಾಕು. ಅಂಗೈ ಬೊಬ್ಬೆ ಮೊದಲ ತಿಂಗಳು ತಪ್ಪಿದ್ದಲ್ಲ.

ಹಗ್ಗದ ಗಂಟುಗಳನ್ನು ಮನೆಯಲ್ಲೇ ಕಲಿಸಲು ಶುರು ಮಾಡಬಹುದು: ರೀಫ್ ನಾಟ್, ಶೀಟ್ ಬೆಂಡ್, ಕ್ಲೋವ್ ಹಿಚ್, ಬೋಲೈನ್. ಬೋಲೈನ್‌ನ ಕುಣಿಕೆ ಎಳೆದಷ್ಟೂ ಬಿಗಿಯುವುದಿಲ್ಲ, ಅದಕ್ಕೇ ನೀರಿಗೆ ಬಿದ್ದವರ ಸೊಂಟಕ್ಕೆ ಹಾಕಿ ಎಳೆಯುವುದು ಅದನ್ನು. ಸಾಮಾನ್ಯ ತಪ್ಪು ಮೊದಲ ಸಣ್ಣ ಸುತ್ತನ್ನು ತಿರುವುಮುರುವಾಗಿ ಹಾಕುವುದು. ಎಳೆದ ಕೂಡಲೇ ಇಡೀ ಗಂಟು ಬಿಚ್ಚಿಕೊಳ್ಳುತ್ತದೆ. ಸುತ್ತಿನಲ್ಲಿ ಹಗ್ಗದ ತುದಿಯ ಕಡೆಯ ಭಾಗ ಮೇಲಿರಬೇಕು, ಕಟ್ಟಿರುವ ಕಡೆಯದು ಕೆಳಗೆ. ಎಂಟು ಮಿಲಿಮೀಟರ್ ದಪ್ಪದ ಎರಡು ಮೀಟರ್ ಹತ್ತಿ ಹಗ್ಗ ತಂದುಕೊಡಿ, ನೈಲಾನ್ ಜಾರುತ್ತದೆ.

ಡೊಂಬಿವ್ಲಿ ಪಾಲಕ:

ಇಷ್ಟು ಬಿಡಿಸಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂಶಯ. ಔರಂಗಾಬಾದಿನ ಸರ್ಕಾರಿ ಸಂಸ್ಥೆಯ ಬಗ್ಗೆ ಒಬ್ಬರು ಹೇಳಿದರು, ಅದು ಮಗನಿಗೆ ಆದೀತೇ? ಮತ್ತು ಮಗಳ ಶಾಲೆಯ ಗೈಡ್ಸ್, ಆರ್‌ಎಸ್‌ಪಿಯಿಂದ ಏನಾದರೂ ಪ್ರಯೋಜನ ಇದೆಯೇ? ಮಗ ಪದವಿಗೆ ಬೆಂಗಳೂರು ಅಥವಾ ಮಂಗಳೂರಿಗೆ ಹೋಗುವ ಸಾಧ್ಯತೆಯೂ ಇದೆ.

ಪುಣೆ ಕನ್ನಡತಿ:

ನೀವು ಕೇಳಿದ್ದು ಎಸ್‌ಪಿಐ, ಸರ್ವಿಸಸ್ ಪ್ರಿಪರೇಟರಿ ಇನ್‌ಸ್ಟಿಟ್ಯೂಟ್. 1977ರಿಂದ ಮಹಾರಾಷ್ಟ್ರ ಸರ್ಕಾರ ನಡೆಸುತ್ತಿದೆ, ಊರಿನ ಹೆಸರು ಈಗ ಛತ್ರಪತಿ ಸಂಭಾಜಿನಗರ. ಹುಡುಗರನ್ನು ಹತ್ತರ ನಂತರ ತೆಗೆದುಕೊಂಡು ಹನ್ನೊಂದು-ಹನ್ನೆರಡರ ಓದಿನ ಜೊತೆಗೇ ಎನ್‌ಡಿಎಗೆ ತಯಾರು ಮಾಡುತ್ತಾರೆ. ಹುಡುಗಿಯರಿಗಾಗಿ ನಾಸಿಕ್‌ನಲ್ಲಿ 2023ರಲ್ಲಿ ಇಂಥದ್ದೇ ಸಂಸ್ಥೆ ಶುರುವಾಗಿದೆ. ತೊಡಕು ಎರಡು. ಪ್ರವೇಶ ಪರೀಕ್ಷೆಯ ಅರ್ಜಿ ಹತ್ತನೇ ತರಗತಿಯಲ್ಲಿ ಓದುತ್ತಿರುವಾಗಲೇ ಹಾಕಬೇಕು, ಫಲಿತಾಂಶ ಬಂದಮೇಲೆ ಹೋದರೆ ಆ ವರ್ಷದ ಗಾಡಿ ಹೋಗಿರುತ್ತದೆ. ಎರಡನೆಯದು ಮಹಾರಾಷ್ಟ್ರದ ಡೊಮಿಸೈಲ್, ಅಂದರೆ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರ. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೂ ಆ ಕಾಗದ ತಾನಾಗಿ ಬರುವುದಿಲ್ಲ, ತಹಸೀಲ್ದಾರ್ ಕಚೇರಿಯಿಂದ ತೆಗೆಸಬೇಕು. ಮಗನಿಗೆ ಈ ಸಲ ತಡವಾದಂತಿದೆ. ಮಗಳಿಗೆ ಮೂರು ವರ್ಷ ಇದೆ, ಅವಳ ಡೊಮಿಸೈಲ್ ಈಗಲೇ ಮಾಡಿಸಿಡಿ. ಎನ್‌ಡಿಎ ಹುಡುಗಿಯರಿಗೆ ತೆರೆದದ್ದು 2022ರಲ್ಲಿ, ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ಪಾಸಾಗಿ ಹೊರಬಂದರು. ಅವಳಿಗೆ ಆ ದಾರಿಯನ್ನೂ ಹೇಳಿಡಿ.

ಗೈಡ್ಸ್ ಸೈನಿಕ ತರಬೇತಿಯಲ್ಲ, ಅದರ ಉದ್ದೇಶವೇ ಬೇರೆ. ಆದರೂ ಕೈಯಲ್ಲಿರುವುದನ್ನು ಬಿಡಬೇಡಿ. ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ ದಾಟಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದವರೆಗೆ ಹೋದರೆ ರೈಲ್ವೆಯ ಸ್ಕೌಟ್ಸ್-ಗೈಡ್ಸ್ ಕೋಟಾದಲ್ಲಿ ಅದಕ್ಕೆ ಬೆಲೆ ಇದೆ. ಮಧ್ಯದಲ್ಲಿ ನಿಲ್ಲಿಸಿದರೆ ಕಾಗದ ಮಾತ್ರ ಉಳಿಯುತ್ತದೆ. ಒಂದೊಂದು ಮೆಟ್ಟಿಲಿಗೂ ಸಮಯ ಬೇಕಾದ್ದರಿಂದ ಏಳನೆಯಲ್ಲೇ ಶುರು ಮಾಡುವುದು ಒಳ್ಳೆಯದು. ಆರ್‌ಎಸ್‌ಪಿ ರಸ್ತೆ ಸುರಕ್ಷತೆಯ ತರಬೇತಿ, ಕವಾಯತು ಸ್ವಲ್ಪ ಕಲಿಯುತ್ತಾಳೆ, ಅಷ್ಟೇ. ಗೈಡ್ಸ್‌ಗೆ ಹಾಕಿ, ಭಾನುವಾರ ಸಾಧ್ಯವಾದರೆ ಸೀ ಕೆಡೆಟ್, ಹನ್ನೊಂದನೆಗೆ ನೇವಲ್ ವಿಂಗ್ ಇರುವ, ಹುಡುಗಿಯರನ್ನು ತೆಗೆದುಕೊಳ್ಳುವ ಕಾಲೇಜು ಹುಡುಕಿ. ನಾನಾದರೆ ಅವಳಿಗೆ ಈ ದಾರಿಯನ್ನೇ ಹಿಡಿಸುತ್ತಿದ್ದೆ. ನೇವಲ್ ವಿಂಗ್‌ನ ಅಖಿಲ ಭಾರತ ನೌ ಸೈನಿಕ್ ಕ್ಯಾಂಪ್ ಹಿಂದೆ ಕಾರವಾರದಲ್ಲೂ, ಈಚೆಗೆ ನಮ್ಮ ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲೂ ನಡೆದಿದೆ.

ಮಗ ಕರ್ನಾಟಕಕ್ಕೆ ಹೋದರೆ ಎನ್‌ಸಿಸಿ ನಿರ್ದೇಶನಾಲಯವೇ ಬದಲಾಗುತ್ತದೆ. ಇಲ್ಲಿನದು ಮಹಾರಾಷ್ಟ್ರ ನಿರ್ದೇಶನಾಲಯ, ಅಲ್ಲಿನದು ಬೆಂಗಳೂರಿನಲ್ಲಿರುವ ಕರ್ನಾಟಕ-ಗೋವಾ ನಿರ್ದೇಶನಾಲಯ. ಪಣಜಿ, ಮಡಗಾಂವ್ ಕಡೆ ಇರುವ ಕನ್ನಡಿಗರು ಇದನ್ನು ಗಮನಿಸಿ, ಗೋವಾ ಸೇರುವುದು ಬೆಂಗಳೂರಿಗೆ, ಮುಂಬೈಗಲ್ಲ. ಊರು ಬದಲಿಸುವಾಗ ನೋಂದಣಿ ಸಂಖ್ಯೆ, ಎರಡು ವರ್ಷದ ಹಾಜರಿಯ ದಾಖಲೆ, ಶಿಬಿರದ ಪ್ರಮಾಣಪತ್ರ, ‘ಬಿ’ ಸರ್ಟಿಫಿಕೇಟ್ ಎಲ್ಲವನ್ನೂ ಹಳೆಯ ಯೂನಿಟ್‌ನಿಂದ ಸಹಿ-ಮುದ್ರೆ ಹಾಕಿಸಿ ತರಬೇಕು. ಹೊಸ ಕಾಲೇಜಿನಲ್ಲಿ ಅದೇ ವಿಂಗ್ ಇದೆಯೇ, ಮೂರನೇ ವರ್ಷಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ಅಡ್ಮಿಷನ್‌ಗೆ ಮೊದಲೇ ಎಎನ್‌ಒ ಬಳಿ ಕೇಳಿ. ಪದವಿ ಊರು ಖಚಿತವಿಲ್ಲ ಎಂದಮೇಲೆ ರನ್‌ವೇ ಅವರ ಮಾತೇ ಸರಿ: ಈ ಎರಡು ವರ್ಷ ಎನ್‌ಡಿಎ ತಯಾರಿ, ಎನ್‌ಸಿಸಿ ಪದವಿಯ ಮೊದಲ ವರ್ಷದಿಂದ.

ಕವಾಯತು:

ಅಧಿಕಾರಿ ಹುದ್ದೆಯ ಹೊರಗೂ ಸರ್ಟಿಫಿಕೇಟ್‌ಗೆ ಉಪಯೋಗವಿದೆ, ಓದುತ್ತಿರುವ ಬೇರೆ ಪಾಲಕರಿಗಾಗಿ ಹೇಳುತ್ತೇನೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಎಸ್‌ಎಸ್‌ಸಿ ಜಿಡಿ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಒಟ್ಟು ಅಂಕದ ಮೇಲೆ ‘ಸಿ’ಗೆ ಶೇ 5, ‘ಬಿ’ಗೆ ಶೇ 3, ‘ಎ’ಗೆ ಶೇ 2 ಹೆಚ್ಚುವರಿ. ಅಗ್ನಿವೀರ್ ಭರ್ತಿಯಲ್ಲೂ ಬೋನಸ್ ಅಂಕ ಇದೆ.

ನೋಂದಣಿಗೆ ಆಧಾರ್, ಮಗುವಿನ ಸ್ವಂತ ಹೆಸರಿನ ಬ್ಯಾಂಕ್ ಖಾತೆ, ಫೋಟೊ, ವೈದ್ಯಕೀಯ ಯೋಗ್ಯತಾ ಪತ್ರ, ಪಾಲಕರ ಒಪ್ಪಿಗೆ ಬೇಕು. ಯೂನಿಫಾರ್ಮ್ ಭತ್ಯೆ ಖಾತೆಗೇ ಬರುವುದರಿಂದ ಆಧಾರ್ ಜೋಡಣೆ ಆಗಿರಲಿ. ನಮ್ಮವರಲ್ಲಿ ಹೆಸರಿನ ಗೊಂದಲ ಬಹಳ. ಶಾಲೆಯ ದಾಖಲೆಯಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ಉಪನಾಮ, ಹೆಸರು, ತಂದೆಯ ಹೆಸರು, ಆಧಾರ್‌ನಲ್ಲಿ ಊರ ಕಡೆಯಂತೆ ಇನಿಷಿಯಲ್ ಮಾತ್ರ. ನೋಂದಣಿಯಲ್ಲಿ ಬಿದ್ದ ಹೆಸರೇ ‘ಸಿ’ ಸರ್ಟಿಫಿಕೇಟ್‌ಗೂ ಹೋಗುತ್ತದೆ. ಹತ್ತನೆಯ ಅಂಕಪಟ್ಟಿಯಲ್ಲಿರುವಂತೆ ಆಧಾರನ್ನು ಮೊದಲು ತಿದ್ದಿಸಿ, ಆಮೇಲೆ ಫಾರ್ಮ್ ತುಂಬಿ.

ಬೂಟು ಸಿಕ್ಕ ದಿನದಿಂದಲೇ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಹಾಕಿ ಓಡಾಡಲಿ. ಹೊಸ ಬೂಟನ್ನು ನೇರವಾಗಿ ಹತ್ತು ದಿನದ ಶಿಬಿರಕ್ಕೆ ಹಾಕಿಕೊಂಡು ಹೋದ ಮಕ್ಕಳು ಎರಡನೇ ದಿನಕ್ಕೆ ಹಿಮ್ಮಡಿ ಸುಲಿದುಕೊಂಡು ಪರೇಡಿನ ಅಂಚಿನಲ್ಲಿ ಕೂತಿರುತ್ತಾರೆ. ಒಳಗೆ ತೆಳು ಹತ್ತಿಯ ಕಾಲುಚೀಲ, ಮೇಲೆ ದಪ್ಪದ್ದು. ಶಿಬಿರದ ಚೀಲಕ್ಕೆ ಸೊಳ್ಳೆ ಪರದೆ, ತಟ್ಟೆ-ಲೋಟ, ಪೆಟ್ಟಿಗೆಗೆ ಬೀಗ, ಇನ್ನೆರಡು ಜೊತೆ ಕಾಲುಚೀಲ. ಶಿಬಿರದ ಪ್ರಮಾಣಪತ್ರ ಕೈಗೆ ಬಂದ ದಿನವೇ ಸ್ಕ್ಯಾನ್ ಮಾಡಿಡಿ, ಹೆಸರು, ದಿನಾಂಕ, ಸಂಖ್ಯೆ ಸರಿಯಿದೆಯೇ ಅಲ್ಲೇ ನೋಡಿಕೊಳ್ಳಲಿ. ತಪ್ಪಿದ್ದರೆ ಶಿಬಿರ ಮುಗಿಯುವ ಮೊದಲು ಕ್ಲರ್ಕ್ ಐದು ನಿಮಿಷದಲ್ಲಿ ತಿದ್ದಿಕೊಡುತ್ತಾರೆ. ಆಮೇಲೆ ಅದಕ್ಕೆ ಬೆಟಾಲಿಯನ್ ಕಚೇರಿಗೆ ಅಲೆಯಬೇಕಾಗುತ್ತದೆ.